ಚಾಕೊಲೇಟಿನ ದೃಷ್ಟಿಬೊಟ್ಟು

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಪ್ಲೇಹೋಮಿನಲ್ಲಿ ಈಸ್ಟರ್ ಆಚರಿಸಬೇಕೆಂಬ ಜ್ಞಾನೋದಯ ಮಾಲೀಕರಾದ ಜಯಕುಮಾರ್ ಅವರಿಗೆ ಆದದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಮಕ್ಕಳು ಒಲೆ ಹಚ್ಚದೆ ಚಾಕೊಲೇಟಿನ ಹಕ್ಕಿಗೂಡು ಮಾಡಿ, ಅದರೊಳಗೆ ಬಣ್ಣದ ಮಿಠಾಯಿ ಮೊಟ್ಟೆ ಇಟ್ಟು ನಗುತ್ತಿದ್ದ ವಿಡಿಯೊ ನೋಡಿದರಂತೆ. ನಮ್ಮ ಬೇಸಿಗೆ ಶಿಬಿರಕ್ಕೂ ಇದೇ ಆಗಬೇಕು, ಫೋಟೊ ಚೆನ್ನಾಗಿ ಬರುತ್ತದೆ, ಮುಂದಿನ ವರ್ಷದ ಅಡ್ಮಿಷನ್ನಿಗೆ ಅನುಕೂಲ ಎಂದರು. ನಮ್ಮಲ್ಲಿ ಕ್ರೈಸ್ತರ ಮನೆಯ ಮಗು ಒಂದೂ ಇರಲಿಲ್ಲ. ಹಬ್ಬ ಯಾರದು, ಯಾಕೆ ಎಂದು ಮಕ್ಕಳಿಗೆ ಹೇಳುವವರು ಯಾರು ಎಂದು ಕೇಳಿದೆ. ನೀವೇ ಹೇಳಿಬಿಡಿ ಮಿಸ್, ಚಿಕ್ಕದಾಗಿ, ಎಂದರು. ಖರ್ಚನ್ನು ಪೋಷಕರ ತಲೆಗೆ ಕಟ್ಟಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಮೊಟ್ಟೆ ಎಂಬ ಮಾತಿಗೆ ಬೆಚ್ಚಿ ಇಬ್ಬರು ತಾಯಂದಿರು ಫೋನು ಮಾಡಿದ ಮೇಲೆ, ಮೊಟ್ಟೆಯಲ್ಲಿ ಮೊಟ್ಟೆ ಇರುವುದಿಲ್ಲ ಎಂದು ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿಸಿದರು. ಅದನ್ನು ಬರೆದ ಪುಣ್ಯಾತ್ಮಳು ನಾನೇ.

ಇರಲಿ, ನಾನು ಹೇಳಹೊರಟಿರುವುದು ಅವರ ವಿಷಯವಲ್ಲ. ನಮ್ಮ ಆಯಾ ಸುವರ್ಣಮ್ಮನ ವಿಷಯ.

ಸುವರ್ಣಮ್ಮ ಭದ್ರಾವತಿಯ ಜನ್ನಾಪುರದಿಂದ ಬರುತ್ತಿದ್ದರು. ಬೆಳಿಗ್ಗೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ಸ್ಟ್ಯಾಂಡಿನಿಂದ ಇನ್ನೊಂದು ಬಸ್ಸು ಹತ್ತಿ, ಮಕ್ಕಳಿಗಿಂತ ಮೊದಲೇ ಬಾಗಿಲ ಮುಂದೆ ನೀರು ಹಾಕಿರುತ್ತಿದ್ದರು. ನಾವು ಕೊಡುವ ಸಂಬಳದಲ್ಲಿ ಬಸ್ಸಿನವನಿಗೆ ಎಷ್ಟು ಹೋಗುತ್ತದೆಂದು ಯೋಚಿಸಿದರೆ ಈ ಕೆಲಸ ಅವರಿಗೆ ಯಾವ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ಭದ್ರಾವತಿಯಲ್ಲಿ ಶಿಶುವಿಹಾರಗಳಿಗೆ ಬರವೇ? ಈ ಪ್ರಶ್ನೆಯನ್ನು ಜಯಕುಮಾರ್ ಒಮ್ಮೆಯೂ ಕೇಳಲಿಲ್ಲ. ಕಡಿಮೆಗೆ ಸಿಕ್ಕವರನ್ನು ಯಾರು ಪ್ರಶ್ನೆ ಕೇಳುತ್ತಾರೆ.

ನಾನು ಕೇಳಿದೆ. ಮೊದಮೊದಲು ಏನೋ ಹೇಳಿ ಜಾರಿಕೊಂಡರು. ಒಂದು ದಿನ ಅಕ್ಷಯಾ ಎಂಬ ನಾಲ್ಕು ವರ್ಷದ ಮಗುವಿಗೆ ಶಾಲೆಯಲ್ಲೇ ಜ್ವರ ಬಂತು. ಮಗುವಿನ ಅಪ್ಪ ಹರಿಪ್ರಸಾದ್ ಬಂದು ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರೆಗೂ ಸುವರ್ಣಮ್ಮ ಅದನ್ನು ಮಡಿಲಿಂದ ಇಳಿಸಲಿಲ್ಲ. ಅಪ್ಪ ಮಗಳು ಹೋದ ಮೇಲೆ ಹಿಂದಿನ ಅಡುಗೆಕೋಣೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು. ಆಗ ಹೇಳಿದರು. ಅಕ್ಷಯಾ ಅವರ ಮೊಮ್ಮಗಳು. ಸತ್ತುಹೋದ ಮಗ ಗುರುವಿನ ಮಗಳು. ಹರಿಪ್ರಸಾದ್ ಅವಳ ತಾಯಿ ಸುಪ್ರಿಯಾಳನ್ನು ಆಮೇಲೆ ಮದುವೆಯಾದವರು.

ಗುರು ಬೈಕಿನಿಂದ ಬಿದ್ದು ಸತ್ತಾಗ ಮಗು ಇನ್ನೂ ತೆವಳುತ್ತಿತ್ತಂತೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರಿಷ್ಟರೆಲ್ಲ ಸೇರಿದ್ದರು. ಎಲೆ ಹಾಕಿ ಬಡಿಸುತ್ತಿದ್ದಾಗ ಸುಪ್ರಿಯಾ ಒಳಗಿನಿಂದ ಬಂದಳು. ಎಲ್ಲರಿಗೂ ಕೇಳುವ ಹಾಗೆ ಸುವರ್ಣಮ್ಮ ಹೇಳಿದರಂತೆ, ಇವಳ ಕಾಲ್ಗುಣವೇ ನನ್ನ ಮಗನನ್ನು ತಿಂದಿತು ಎಂದು. ಸುಪ್ರಿಯಾ ಅಂದೇ ಸಂಜೆ ಮಗುವನ್ನು ಎತ್ತಿಕೊಂಡು ಶಿವಮೊಗ್ಗದ ತವರಿಗೆ ಹೊರಟುಹೋದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಮೇಲೆ ಸುವರ್ಣಮ್ಮ ಹೋಗಿ ಬಾಗಿಲಲ್ಲಿ ನಿಂತದ್ದು, ಅವರಿವರ ಕೈಲಿ ಹೇಳಿಕಳಿಸಿದ್ದು, ಅತ್ತದ್ದು ಎಲ್ಲ ನೀರಲ್ಲಿ ಹೋಮ. ನನ್ನ ಮಗಳ ಹತ್ತಿರ ಸುಳಿಯಕೂಡದು ಎಂದು ಸುಪ್ರಿಯಾ ಹೇಳಿಕಳಿಸಿದಳು.

ಕೇಳಿ ನನಗೆ ಸುವರ್ಣಮ್ಮನ ಮೇಲೆ ಸಿಟ್ಟೇ ಬಂತು, ಮುಚ್ಚಿಡುವುದೇನು. ಗಂಡ ಸತ್ತು ಹನ್ನೊಂದು ದಿನವಾದ ಹುಡುಗಿಗೆ ಆಡುವ ಮಾತೇ ಅದು? ಅವರ ಮುಖಕ್ಕೇ ಹೇಳಿದೆ. ಅವರು ಇಲ್ಲವೆನ್ನಲಿಲ್ಲ. ಮಗು ಯಾವ ಶಾಲೆಗೆ ಹೋಗುತ್ತದೆಂದು ಪತ್ತೆ ಮಾಡಿ ಇಲ್ಲಿ ಆಯಾ ಆಗಿ ಸೇರಿದ್ದರು. ಹರಿಪ್ರಸಾದ್ ಸುವರ್ಣಮ್ಮನನ್ನು ಹಿಂದೆ ಎಂದೂ ನೋಡಿರಲಿಲ್ಲ, ಮಗುವನ್ನು ಬಿಡುವುದು ಕರೆದೊಯ್ಯುವುದು ಅವರೇ. ಪೋಷಕರ ಸಭೆಯ ದಿನ ಸುವರ್ಣಮ್ಮ ಅಡುಗೆಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅನುಮಾನ ಬಾರದಿರಲೆಂದು ಬೇರೆ ಮಕ್ಕಳಿಗಿಂತ ಅಕ್ಷಯಾಳನ್ನೇ ಹೆಚ್ಚು ಗದರುತ್ತಿದ್ದರು. ಅವಳ ಕೈ ತೊಳೆಸುವಾಗ ಮಾತ್ರ ಸ್ವಲ್ಪ ತಡವಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ದಿನಾ ಆ ಮಗುವನ್ನು ಕಣ್ಣಿಂದ ನೋಡುವುದು. ನಾನು ಯಾರಿಗೂ ಹೇಳಲಿಲ್ಲ.

ಈಸ್ಟರಿನ ಹಿಂದಿನ ದಿನ, ಶನಿವಾರ, ಕಾರ್ಯಕ್ರಮ. ಗಾಂಧಿ ಬಜಾರಿನ ಹೋಲ್‌ಸೇಲ್ ಅಂಗಡಿಯಿಂದ ನಾನು ತಂದ ಚಾಕೊಲೇಟಿನ ಇಟ್ಟಿಗೆಗಳು ಏಪ್ರಿಲ್ ಬಿಸಿಲಿಗೆ ಆಟೊದಲ್ಲೇ ಮೆತ್ತಗಾಗಿದ್ದವು. ಕರಗಿಸುವ ಕೆಲಸ ಅರ್ಧ ಸೂರ್ಯನೇ ಮಾಡಿದ್ದ. ಉಳಿದದ್ದನ್ನು ಬಿಸಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಸುವರ್ಣಮ್ಮ ಕರಗಿಸಿದರು. ಹುರಿದ ಶಾವಿಗೆಯನ್ನು ಅದರಲ್ಲಿ ಕಲಸಿ, ಕಾಗದದ ಬಟ್ಟಲಿಗೆ ಹಾಕಿ, ಬೆರಳಲ್ಲಿ ನಡುವೆ ಒತ್ತಿದರೆ ಗೂಡು. ಒಳಗೆ ಬಣ್ಣದ ಗುಳಿಗೆಯಂಥ ಮಿಠಾಯಿ ಇಟ್ಟರೆ ಮೊಟ್ಟೆ.

ಮಕ್ಕಳನ್ನು ಕೂರಿಸಿ ಹಬ್ಬದ ಕಥೆ ಹೇಳಿದೆ. ಯೇಸುವನ್ನು ಕೊಂದರು, ಮೂರನೆಯ ದಿನ ಆತ ಎದ್ದು ಬಂದ, ಆ ಖುಷಿಗೆ ಹಬ್ಬ ಎಂದೆ. ಮಕ್ಕಳ ಕಣ್ಣೆಲ್ಲ ಬೋಗುಣಿಯ ಮೇಲಿತ್ತು. ಕೇಳಿಸಿಕೊಂಡವರು ಬಾಗಿಲಲ್ಲಿ ನಿಂತಿದ್ದ ಸುವರ್ಣಮ್ಮ ಒಬ್ಬರೇ. ಆಮೇಲೆ ಟ್ರೇ ಎತ್ತುವಾಗ ಮೆಲ್ಲಗೆ, "ಅವರಮ್ಮ ಬದುಕಿದ್ರಾ ಮಿಸ್, ಎದ್ದು ಬಂದಾಗ?" ಎಂದರು. ಇದ್ದರು ಎಂದೆ. "ಪುಣ್ಯವಂತೆ" ಎಂದು ಟ್ರೇ ತೆಗೆದುಕೊಂಡು ಹೋದರು.

ಗೂಡು ಕಟ್ಟುವುದೆಂದರೆ ಮಕ್ಕಳಿಗೆ ಮುಖಕ್ಕೆ ಬಳಿದುಕೊಳ್ಳುವುದು. ಅರ್ಧ ಗಂಟೆಯಲ್ಲಿ ಎಲ್ಲರ ಕೆನ್ನೆ, ಮೂಗು, ಅಂಗಿ ಚಾಕೊಲೇಟು. ಬೆರಳು ನೆಕ್ಕಿ ಅದೇ ಬೆರಳನ್ನು ಬೋಗುಣಿಗೆ ಅದ್ದಬಾರದೆಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಅಕ್ಷಯಾ ಮಾತ್ರ ನಾಲಿಗೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ಶಾವಿಗೆಯ ಎಳೆಗಳನ್ನು ಒಂದೊಂದಾಗಿ ಕೂರಿಸಿ, ನಿಜಕ್ಕೂ ಗೂಡಿನಂತೆ ಕಾಣುವ ಗೂಡು ಮಾಡಿದಳು. ಜಯಕುಮಾರ್ ಅವಳನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದರು. ಎಷ್ಟು ಮುದ್ದಾಗಿದ್ದಾಳೆ, ಈ ಸಲದ ಬ್ಯಾನರಿಗೆ ಇವಳದೇ ಫೋಟೊ ಎಂದರು. ಶಿಬಿರಕ್ಕೆ ಸಹಾಯಕ್ಕೆ ಬಂದಿದ್ದ ಹುಡುಗಿಯರೆಲ್ಲ ಸುತ್ತ ನಿಂತು ಮೊಬೈಲು ಹಿಡಿದರು.

ಸುವರ್ಣಮ್ಮ ಪಕ್ಕದಲ್ಲಿ ಬೋಗುಣಿ ಬಳಿಯುತ್ತಿದ್ದರು. ಫೋಟೊ ಮುಗಿದು ಮಗುವನ್ನು ಕೆಳಗಿಳಿಸುವಾಗ ಅವರ ಉಂಗುರದ ಬೆರಳು ಮಗುವಿನ ಎಡ ದವಡೆಯ ಕೆಳಗೆ ಎರಡು ಸಲ ತಾಗಿದ್ದನ್ನು ನೋಡಿದೆ. ಒತ್ತಾಗಿ ಎರಡು ಚಿಕ್ಕ ಬೊಟ್ಟು. ಎಲ್ಲ ಮನೆಯಲ್ಲೂ ಮಗುವಿಗೆ ದೃಷ್ಟಿಬೊಟ್ಟು ಒಂದೇ ಇಡುತ್ತಾರೆ, ಕಾಡಿಗೆಯಲ್ಲಿ, ಕೆನ್ನೆಗೋ ಹಣೆಗೋ. ಎರಡು ಇಡುವುದು ಸುವರ್ಣಮ್ಮನ ಮನೆಯ ಪದ್ಧತಿಯಂತೆ, ಒಂದು ಹೊರಗಿನವರ ಕಣ್ಣಿಗೆ, ಒಂದು ಮನೆಯವರ ಕಣ್ಣಿಗೆ. ಇದು ನನಗೆ ತಿಳಿದದ್ದು ಆಮೇಲೆ. ಆಗ ಚಾಕೊಲೇಟು ಮೆತ್ತಿದ ಅಷ್ಟು ಮುಖಗಳ ನಡುವೆ ಎರಡು ಚುಕ್ಕೆ ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡೆ.

ಗೂಡುಗಳು ಗಟ್ಟಿಯಾಗಲು ಮೇಲಿನ ಮನೆಯ ಫ್ರಿಜ್ಜಿಗೆ ಹೋಗಿ ಬಂದವು. ಮಧ್ಯಾಹ್ನ ಪೋಷಕರು ಬಂದರು. ಸುವರ್ಣಮ್ಮ ಎಂದಿನಂತೆ ಹಿಂದಕ್ಕೆ ಸರಿದರು. ಅಂದು ಹರಿಪ್ರಸಾದ್ ಬರಲಿಲ್ಲ, ಸುಪ್ರಿಯಾಳೇ ಬಂದಳು. ಅಕ್ಷಯಾ ಗೂಡು ಹಿಡಿದು ಓಡಿದಳು. ಮಗಳ ಮುಖ ಒರೆಸಲು ಕರ್ಚೀಫು ತೆಗೆದ ಸುಪ್ರಿಯಾ ಮೂಗು ಒರೆಸಿದಳು, ಕೆನ್ನೆ ಒರೆಸಿದಳು, ಗಲ್ಲ ಎತ್ತಿದಳು. ಆ ಎರಡು ಬೊಟ್ಟಿನ ಹತ್ತಿರ ಕೈ ನಿಂತಿತು. ಇದನ್ನು ಯಾರು ಇಟ್ಟದ್ದು ಎಂದು ಕೇಳಿದಳು. ಆಯಾ ಎಂದಿತು ಮಗು.

ಸುಪ್ರಿಯಾ ನನ್ನನ್ನು ಏನೂ ಕೇಳದೆ ನೇರ ಅಡುಗೆಕೋಣೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಸುವರ್ಣಮ್ಮ ನಲ್ಲಿಯ ಕೆಳಗೆ ಬೋಗುಣಿ ತೊಳೆಯುತ್ತಿದ್ದವರು ತಿರುಗಿ ನೋಡಿ ಎದ್ದು ನಿಂತರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಪ್ರಿಯಾ ದನಿ ಎತ್ತಲಿಲ್ಲ.

"ನನ್ನ ಕಾಲ್ಗುಣ ಕೆಟ್ಟದ್ದು ಅಂದ್ರಿ ಅತ್ತೆ. ಊಟಕ್ಕೆ ಕೂತೋರು ತುತ್ತು ಕೈಯಲ್ಲೇ ಹಿಡ್ಕೊಂಡು ನನ್ನ ನೋಡಿದ್ರು. ಇವತ್ತಿಗೂ ಯಾರ ಮನೆ ಗೃಹಪ್ರವೇಶಕ್ಕೂ ನಾನು ಮುಂದೆ ನಿಲ್ಲಲ್ಲ, ಭಯ ಆಗುತ್ತೆ. ಈಗ ನನ್ನ ಮಗಳಿಗೆ ಯಾರ ದೃಷ್ಟಿ ತೆಗೀತಿದೀರ, ನಂದಾ?"

"ತಪ್ಪಾಯ್ತು ಕಣಮ್ಮ" ಎಂದರು ಸುವರ್ಣಮ್ಮ.

ನಾನು ಯಾರ ಕಡೆ ನಿಲ್ಲಬೇಕಿತ್ತು? ಸುಪ್ರಿಯಾಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಮುದುಕಿ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದದ್ದೂ ಸುಳ್ಳಲ್ಲ. ದೃಷ್ಟಿ, ಕಾಲ್ಗುಣ ಎಂಬ ಈ ಹಾಳು ನಂಬಿಕೆ ಒಂದು ಸಲ ಅವರ ಬಾಯಲ್ಲಿ ವಿಷವಾಗಿ ಬಂದಿತ್ತು, ಇನ್ನೊಂದು ಸಲ ಬೆರಳಲ್ಲಿ ಪ್ರೀತಿಯಾಗಿ ಬಂತು. ಎರಡಕ್ಕೂ ದಂಡ ತೆತ್ತದ್ದು ಒಂದೇ ಮನೆ.

ಅಷ್ಟರಲ್ಲಿ ಅಕ್ಷಯಾ ಗೂಡು ಹಿಡಿದುಕೊಂಡೇ ಬಂದು ಅಮ್ಮನ ಪಕ್ಕ ನಿಂತಳು. ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು.

"ಅಮ್ಮ, ಆಯಾ ನಿಂಗೆ ಗೊತ್ತಾ?"

ಸುಪ್ರಿಯಾ ಸುವರ್ಣಮ್ಮನನ್ನೇ ನೋಡುತ್ತ ನಿಂತಳು. ಹೇಳುವುದಿದ್ದರೆ ನೀವೇ ಹೇಳಿ ಎನ್ನುವಂತಿತ್ತು ಆ ನೋಟ. ಅಜ್ಜಿ ಎಂಬ ಒಂದು ಮಾತು ಸಾಕಿತ್ತು. ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಮುಂದೆ ಏನೇ ಆಗಲಿ, ಆ ಮಗುವಿನ ಕಿವಿಗೆ ಒಂದು ಸಲ ಬಿದ್ದಿರುತ್ತಿತ್ತು.

"ಇಲ್ಲ ಪುಟ್ಟ. ಅಮ್ಮಂಗೆ ನಾನು ಗೊತ್ತಿಲ್ಲ. ನಾನು ಇಲ್ಲಿ ಆಯಾ ಅಷ್ಟೆ" ಎಂದರು ಸುವರ್ಣಮ್ಮ.

ಯಾಕೆ ಹಾಗೆಂದರು ಎಂದು ಆಮೇಲೆ ಕೇಳಿದೆ. ಅಜ್ಜಿ ಎಂದು ಹೇಳಿಕೊಂಡರೆ ಸುಪ್ರಿಯಾಗೆ ಇನ್ನೂ ಕೋಪ ಬರುತ್ತದೆ, ಬರೀ ಆಯಾ ಎಂದರೆ ಹೋಗಲಿ ಪಾಪ, ಇರಲಿ ಎಂದು ಬಿಟ್ಟಾಳು ಎಂದುಕೊಂಡರಂತೆ. ಸುಪ್ರಿಯಾ ಬಿಡಲಿಲ್ಲ. ಹೊರಗೆ ಹೋಗಿ ಜಯಕುಮಾರ್ ಹತ್ತಿರ, ಒಂದೋ ಈ ಆಯಾ ಇರಬೇಕು, ಇಲ್ಲವೇ ನನ್ನ ಮಗಳು, ಎಂದಳು. ಕಾರಣ ಹೇಳಲಿಲ್ಲ. ನಾನೇ ಮುಂದೆ ಹೋಗಿ ವಿಷಯವೆಲ್ಲ ಬಿಡಿಸಿ ಹೇಳಿದೆ. ಜಯಕುಮಾರ್ ಇಬ್ಬರಿಗೂ ತಲೆಯಾಡಿಸಿ, ನೋಡೋಣ, ಮಾಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎಲ್ಲರೂ ಹೊರಟ ಮೇಲೆ ಸುವರ್ಣಮ್ಮನನ್ನು ಕರೆದು, ಸೋಮವಾರದಿಂದ ಬರುವುದು ಬೇಡ ಎಂದರು. ಮಗುವಿನ ಫೋಟೊ ಮಾತ್ರ ಬ್ಯಾನರಿಗೆ ಹೋಯಿತು.

ಬಸ್ ಸ್ಟ್ಯಾಂಡಿಗೆ ನಾನೇ ಸ್ಕೂಟಿಯಲ್ಲಿ ಬಿಟ್ಟುಬಂದೆ. ದಾರಿಯಲ್ಲಿ ಒಮ್ಮೆ, "ನಾಲಿಗೆಗೆ ಬರೆ ಹಾಕ್ಕೋಬೇಕು ಮಿಸ್, ಬೆರಳು ಏನ್ ಮಾಡ್ತು" ಎಂದರು. ಭದ್ರಾವತಿ ಬಸ್ಸು ಹೊರಡುವವರೆಗೂ ನಿಂತಿದ್ದೆ. ಅವರು ಕಿಟಕಿಯ ಕಡೆ ತಿರುಗಲೇ ಇಲ್ಲ.

ಸೋಮವಾರ ಹೊಸ ಆಯಾ ಬಂದಳು. ಚಿಕ್ಕ ವಯಸ್ಸಿನವಳು, ನಗುಮುಖ, ಹತ್ತಿರದ ಬೀದಿಯವಳೇ. ಅಕ್ಷಯಾ ಅಡುಗೆಕೋಣೆಯ ಬಾಗಿಲಿಗೆ ಹೋಗಿ ಇಣುಕಿ ಬಂದಳು. ಆಯಾ ಎಲ್ಲಿ ಎಂದು ನನ್ನನ್ನು ಕೇಳಿದಳು. ಊರಿಗೆ ಹೋಗಿದ್ದಾರೆ ಎಂದೆ. ಮಾರನೆಯ ದಿನವೂ ಕೇಳಿದಳು. ಆಮೇಲೆ ಕೇಳಲಿಲ್ಲ. ಮಗುವನ್ನು ದೂರಿ ಪ್ರಯೋಜನವೇನು. ಅದಕ್ಕೆ ಗೊತ್ತಿದ್ದದ್ದು ಇಷ್ಟೇ, ಕೈ ತೊಳೆಸುವವರು ಆಯಾ.

ಆ ಶುಕ್ರವಾರ ಊಟದ ಹೊತ್ತಿಗೆ ಜನ್ನಾಪುರದಿಂದ ಫೋನು ಬಂತು. ನಾನು ಹಜಾರದಲ್ಲಿ ನಿಂತಿದ್ದೆ, ಮಕ್ಕಳು ಡಬ್ಬಿ ಮುಚ್ಚುತ್ತಿದ್ದರು. ಸುವರ್ಣಮ್ಮ ಅದೂ ಇದೂ ಮಾತಾಡಿದರು. ನೀರು ಬರುತ್ತಿಲ್ಲ, ಮಂಡಿ ನೋವು, ಹತ್ತಿರದಲ್ಲೇ ಯಾವುದೋ ಮನೆಯಲ್ಲಿ ಅಡುಗೆಗೆ ಕರೆಯುತ್ತಿದ್ದಾರೆ. ಕೇಳಬೇಕಾದದ್ದನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅಕ್ಷಯಾ ಮೊಸರನ್ನದ ಕೈ ಎತ್ತಿಕೊಂಡು, ಇಡೀ ಹಜಾರಕ್ಕೆ ಕೇಳುವಂತೆ, "ಆಯಾ, ಬನ್ನಿ" ಎಂದು ಕೂಗಿದಳು.

ಸುವರ್ಣಮ್ಮ ಅಡುಗೆ ಕೆಲಸದ ಮಾತನ್ನು ಅರ್ಧಕ್ಕೇ ಬಿಟ್ಟರು.

"ಮಿಸ್, ಪುಟ್ಟ ಅಲ್ವಾ ಅದು? ನನ್ನನ್ನೇ ಕರೀತಿರೋದು?"

"ಹೂಂ, ನಿಮ್ಮನ್ನೇ" ಎಂದೆ. ಹೊಸ ಆಯಾ ಬಂದು ಮಗುವನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು.