ಭಜಿ ಕಟ್ಟಿದ ಹಾಳೆ

ಹೋದ ವಾರ ಇಂಡಿ ಬಸ್‌ಸ್ಟ್ಯಾಂಡಿನ ಹೊರಗೆ ಮಿರ್ಚಿ ಭಜಿ ತಗೊಂಡೆ. ಕಟ್ಟಿಕೊಟ್ಟದ್ದು ಯಾರದೋ ಸಮಾಜ ವಿಜ್ಞಾನದ ಉತ್ತರಪತ್ರಿಕೆಯಲ್ಲಿ. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಎರಡು ಅಂತಿತ್ತು. ಎಣ್ಣೆ ಇಳಿದ ಹಾಳೆಯ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಎಷ್ಟೋ ವರ್ಷದ ಸಿಟ್ಟು ಎದ್ದು ಕೂತಿತು. ಭಜಿ ಮುಗಿಸಲಾಗಲಿಲ್ಲ.

ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದಾಗ ದಿನಾ ಶಾಲೆ ಬಿಟ್ಟ ಮೇಲೆ ನಾನೊಂದು ಹೋಟೆಲಿನಲ್ಲಿ ಕೂತು ಕಾದಂಬರಿ ಬರೆಯುತ್ತಿದ್ದೆ. ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಟಿವಿ, ಅದರ ಮುಂದೆ ಐದು ಜನ. ಬರೆಯುವವರು ಕಾಫಿ ಕುಡಿಯುತ್ತ ಬರೆಯುತ್ತಾರೆ ಎಂದು ಎಲ್ಲೋ ಓದಿದ್ದೆನಾದ್ದರಿಂದ ಮೊದಲ ದಿನವೇ ಗತ್ತಿನಿಂದ ಕಾಫಿ ಕೇಳಿದೆ.

"ಕಾಫಿ ಬೇಕಂದ್ರ ಧಾರವಾಡಕ್ಕ ಹೋಗ್ರಿ. ಇಲ್ಲಿ ಚಾ ಐತಿ," ಅಂದ ಮಾಲಕ.

ಅಲ್ಲಿಂದ ನಮಗೆ ಎಣ್ಣೆ ಸೀಗೆಕಾಯಿ. ನಾನು ಒಂದು ವಾಕ್ಯದ ನಡುವೆ ಇರುವಾಗಲೇ ಹಸಿ ಅರಿವೆ ತಂದು "ಕೈ ಎತ್ರಿ" ಅಂತ ಟೇಬಲ್ ಒರೆಸುತ್ತಿದ್ದ. ಬೇಕಂತಲೇ ಫ್ಯಾನ್ ಬಂದ್ ಮಾಡುತ್ತಿದ್ದ. ನಾನೂ ಕಡಿಮೆಯವನಲ್ಲ. ಒಂದು ಕಪ್ ಚಾ ಎರಡು ತಾಸು ಎಳೆಯುತ್ತಿದ್ದೆ. ಕೆನೆಗಟ್ಟಿ ತಣ್ಣಗಾದರೂ ಬಿಡುತ್ತಿರಲಿಲ್ಲ. ಆಗಾಗ ಹಳೆಯ ಉತ್ತರಪತ್ರಿಕೆಗಳ ಕಟ್ಟೊಂದನ್ನು ತಂದು ಅವನ ಮುಂದೆ ಒಗೆಯುತ್ತಿದ್ದೆ, ಆತ ಅದರಲ್ಲಿ ಭಜಿ ಕಟ್ಟುತ್ತಿದ್ದ. ನಮ್ಮ ನಡುವೆ ಇದ್ದ ಸೌಜನ್ಯ ಅಂದರೆ ಅಷ್ಟೇ.

ಆ ಹೋಟೆಲಿಗೆ ಒಂದು ರೂಢಿ ಇತ್ತು. ಹೆಣ್ಣು ನೋಡಲು ಹೋಗುವ ಮೊದಲು, ಸಂತೆಯ ದಿನ, ಎರಡೂ ಕಡೆಯ ಹಿರಿಯರು ಅಲ್ಲಿ ಕೂತು ಒಳಗಿನ ಮಾತೆಲ್ಲ ಆಡಿ ಮುಗಿಸುತ್ತಿದ್ದರು. ಕೂಡಿಬಂದರೆ ಸರಿ. ಬಾರದಿದ್ದರೆ ಸಂತೆಗೆ ಬಂದಿದ್ದೆವು, ಚಾ ಕುಡಿದೆವು, ಅಷ್ಟೇ. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಅಂಥವರ ಹತ್ತಿರ ಮಾಲಕ ಬೇರೆ ಯಾರನ್ನೂ ಕೂಡಗೊಡುತ್ತಿರಲಿಲ್ಲ. ನನ್ನೊಬ್ಬನನ್ನು ಮಾತ್ರ ಎಬ್ಬಿಸುತ್ತಿರಲಿಲ್ಲ. ಯಾರಾದರೂ ಅನುಮಾನದಿಂದ ನನ್ನ ಕಡೆ ನೋಡಿದರೆ, "ಮಾಸ್ತರು ಪೇಪರ್ ತಿದ್ದಾಕತ್ತಾರ, ನೀವು ಮಾತಾಡ್ರಿ," ಅನ್ನುತ್ತಿದ್ದ.

ಒಂದು ಸಂತೆಯ ದಿನ ಬಂದಿದ್ದವರು ಅವನ ಬಳಗದವರೇ. ಹೆಣ್ಣಿನ ಕಡೆಯವರದು ಹತ್ತಿರದ ಒಂದು ಹಳ್ಳಿ. ಹೆಸರನ್ನು ಈಗಲಾದರೂ ಹೇಳುವುದಿಲ್ಲ. ಗಂಡಿನ ಕಡೆಯವರು ಮುದ್ದೇಬಿಹಾಳದವರು. ಹುಡುಗಿಯ ಅಪ್ಪ ದನಿ ತಗ್ಗಿಸಿದ. "ಸಣ್ಣಾಕಿ ಇದ್ದಾಗ ಮೂರ್ಛಿ ಬರ್ತಿತ್ರಿ. ಈಗ ಎಂಟು ವರ್ಷ ಆತು, ಒಮ್ಮಿನೂ ಬಂದಿಲ್ಲ. ಮುಚ್ಚಿಟ್ಟು ಕೊಡೂದು ನನಗ ಒಗ್ಗೂದಿಲ್ರಿ."

ಗಂಡಿನ ಅಪ್ಪ ಬಸಿಗೆ ಚಾ ಸುರಿದು ಆರಿಸಿ ಕುಡಿದ. "ನಮಗೇನೂ ಅಡ್ಡಿ ಇಲ್ರಿ. ಮಂದಿ ಕಿವಿಗೆ ಬೀಳಬಾರ್ದು, ಅಷ್ಟ."

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಹೆಸರು, ಊರು, ಮೂರ್ಛೆ, ಎಲ್ಲ. ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ. ತಿಂಗಳಿಂದ ಮುಂದೆ ಸರಿಯದೆ ನಿಂತಿದ್ದ ಕಾದಂಬರಿಗೆ ದಾರಿ ಸಿಕ್ಕಿತ್ತು... ಆ ಖುಷಿಯಲ್ಲಿ ಎದ್ದವನು ಹಾಳೆಗಳ ಕಟ್ಟನ್ನು ಟೇಬಲ್ಲಿನ ಮೇಲೇ ಬಿಟ್ಟು ಮನೆಗೆ ನಡೆದೆ.

ಮಾಲಕ ಅದನ್ನು ಉತ್ತರಪತ್ರಿಕೆ ಅಂದುಕೊಂಡ. ಮರುದಿನ ಅದರಲ್ಲೇ ಭಜಿ ಕಟ್ಟಿದ. ಒಂದು ಪೊಟ್ಟಣ ಅದೇ ಹುಡುಗಿಯ ಹಳ್ಳಿಗೆ ಹೋಯಿತು. ತಿಂದವನಿಗೆ ಓದು ಬರುತ್ತಿತ್ತು. ನಾಲ್ಕು ದಿನದೊಳಗೆ ಸುದ್ದಿ ಮುದ್ದೇಬಿಹಾಳ ಮುಟ್ಟಿ, ಗಂಡಿನವರು ಒಲ್ಲೆವೆಂದರು.

ಪರೀಕ್ಷೆಯ ಗಡಿಬಿಡಿಯಲ್ಲಿ ನಾಲ್ಕೈದು ದಿನ ಆ ಕಡೆ ಹೋಗದಿದ್ದವನು ಮತ್ತೆ ಹೋದಾಗ, ತುಂಬಿದ ಹೋಟೆಲಿನಲ್ಲಿ ಮಾಲಕ ಎಣ್ಣೆ ಹಾಳೆಯೊಂದನ್ನು ನನ್ನ ಮುಂದೆ ಹರವಿದ. "ಇದು ನಿಮ್ಮ ಅಕ್ಷರ ಹೌದಲ್ರಿ? ಇದರಿಂದ ಮಾತು ಮುರೀತು."

ಆಗ ನಾನು ಹುಡುಗಿಯ ಗತಿ ಏನಾಯಿತೆಂದು ಕೇಳಬೇಕಿತ್ತು. ಕೇಳಲಿಲ್ಲ. "ಉಳಿದ ಹಾಳಿ ಎಲ್ಲಿ? ನನ್ನ ಕಾದಂಬರಿಯೊಳಗ ಭಜಿ ಕಟ್ಟಿದಿರೇನು?" ಅಂತ ಕೂಗಾಡಿದೆ.

"ಮಾಸ್ತರು ಅಂತ ಮಂದಿಗಿ ಹೇಳಿ ಕುಂಡ್ರಿಸಿದ್ದೆ ನಿಮ್ಮನ್ನ," ಅಂದ. ದನಿ ಏರಿಸಲಿಲ್ಲ. "ಏಳ್ರಿ. ಮತ್ತ ಈ ಕಡಿ ಬರಬ್ಯಾಡ್ರಿ."

ಎದ್ದು ಬಂದೆ. ಆಮೇಲೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೋದಲ್ಲೆಲ್ಲ ಅವನನ್ನು ಆಡಿಕೊಂಡೆ: ಅಕ್ಷರದ ಗಂಧವಿಲ್ಲದವನು, ನನ್ನ ಕಾದಂಬರಿಯನ್ನು ಎಣ್ಣೆಗೆ ಹಾಕಿದವನು. ಕೇಳಿದವರು ನಗುತ್ತಿದ್ದರು. ಆ ಅಧ್ಯಾಯವನ್ನು ನೆನಪಿನಿಂದ ಮತ್ತೆ ಬರೆದೆ, ಹೆಸರು ಬದಲಿಸಿ ಅಚ್ಚಿಗೂ ಕೊಟ್ಟೆ. ಓದಿದವರು ಹೆಚ್ಚು ಮೆಚ್ಚಿದ್ದು ಅದನ್ನೇ.

ಮೂರು ತಿಂಗಳ ಹಿಂದೆ ಆತ ತೀರಿಕೊಂಡನೆಂದು ಗೊತ್ತಾಯಿತು. ಜಗಳ ಇನ್ನೂ ಮುಗಿದಿರಲಿಲ್ಲ ಅನ್ನಿಸಿತೋ ಏನೋ... ಮನೆಯವರನ್ನು ಮಾತಾಡಿಸಿ ಬರಲು ಸಿಂದಗಿಗೆ ಹೋದೆ. ಮಗ ಗುರುತು ಹಿಡಿದು ಕೂಡಿಸಿದ. ಮಗನ ಹೆಂಡತಿ ನೀರು ತಂದಳು.

"ಮಾಸ್ತರ, ಆಗ ಮಾತು ಮುರದಿತ್ತಲ್ಲ, ಆ ಹುಡುಗಿ ಇಕಿನ ರೀ," ಅಂದ ಮಗ, ನಮ್ಮ ಸೀಮೆಯವರು ಹೇಳುವ ಹಾಗೆ ನೇರವಾಗಿ. "ನಮ್ಮ ಹೋಟೆಲಿಂದ ಹೊರಗ ಹೋದ ಮಾತು, ನಮ್ಮ ಮನಿನ ಹೊರಬೇಕು ಅಂದ್ರು ಅಪ್ಪಾರು. ನನ್ನ ಕೇಳಿದ್ರು. ನಾ ಹೂಂ ಅಂದೆ."

ನೀರಿನ ತಂಬಿಗೆ ಕೆಳಗಿಟ್ಟೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ಒಂದು ಮಾತು ಹೇಳಿ ಕಳಿಸದೆ, ತನ್ನನ್ನು ಬೈಯುತ್ತ ತಿರುಗಲು ನನ್ನನ್ನು ಹೀಗೆ ಬಿಟ್ಟನಲ್ಲ ಎಂದು.

ಆಕೆ ತಂಬಿಗೆ ಎತ್ತಿಕೊಂಡವಳು ಬಾಗಿಲಲ್ಲಿ ನಿಂತಳು. "ನನಗ ಎರಡು ಮಕ್ಕಳದಾವ್ರಿ, ಸಾಲಿಗಿ ಹೋಗ್ತಾವ. ಇದನ್ನೂ ಬರೀಬ್ಯಾಡ್ರಿ."

"ಇಲ್ಲವ್ವಾ, ಬರಿಯೂದಿಲ್ಲ," ಅಂದೆ.

ಮಾತು ಕೊಟ್ಟು ಬಂದವನು ಇವತ್ತು ಬಾಗೇವಾಡಿಯ ಹೊಸ ಕಾಫಿ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಬರೆದು ಮುಗಿಸಿದ್ದೇನೆ. ನನಗೆ ಬುದ್ಧಿ ಬಂದಿಲ್ಲ. ಕೊರಳಪಟ್ಟಿ ಹಿಡಿದು ಕೇಳುವಂಥವನು ಒಬ್ಬನಿದ್ದ, ಅವನೂ ಈಗ ಇಲ್ಲ.