ಪಂಚರ್ ಸಾಬರ ಉಣ್ಣೆ ಚೆಂಡು

ಪಂಚರ್ ಸಾಬರ ಎಡಗೆನ್ನೆ ಯಾವಾಗಲೂ ಕಪ್ಪಗಿರುತ್ತಿತ್ತು. ಟ್ಯೂಬಿನಲ್ಲಿ ತೂತು ಎಲ್ಲಿದೆ ಎಂದು ನೋಡಲು ಬೇರೆಯವರು ಬಾಣಲೆಯ ನೀರಿನಲ್ಲಿ ಮುಳುಗಿಸುತ್ತಾರೆ. ನಮ್ಮ ತಳಕಿನಲ್ಲಿ ಬೇಸಿಗೆ ಬಂದರೆ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲಬೇಕು, ಟ್ಯೂಬಿಗೆ ಎಲ್ಲಿಂದ ತರುವುದು? ಸಾಬರು ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನಕ್ಕೆ ತಿರುಗಿಸುತ್ತಿದ್ದರು. ಗಾಳಿ ತಾಗಿದ ಕಡೆ ಬಳಪದ ಗುರುತು. ನೋಡಿದರೆ ಕೂಸನ್ನು ಮುದ್ದಾಡಿದ ಹಾಗೆ ಕಾಣುತ್ತಿತ್ತು.

ಅವರ ಅಂಗಡಿ ಬಸ್ಸು ನಿಲ್ಲುವ ಜಾಗದ ಎದುರಿಗೆ, ನಮ್ಮ ಮನೆ ಅಂಗಡಿಯ ಹಿಂದೆ. ಆಗಿನ್ನೂ ಊರಿಗೆಲ್ಲ ಒಂದೇ ಎಸ್‌ಟಿಡಿ ಬೂತು ಇದ್ದ ಕಾಲ. ಒಂದು ವರ್ಷ ನಾನು ಕುರಿಮರಿ ಹಿಡಿಯಲು ಹೋಗಿ ಕುರಿ ರೊಪ್ಪದ ಬಾಗಿಲಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ. ಆದರೆ ಆಮೇಲೆ ಕಾಲುಗಳು ನನ್ನ ಮಾತು ಕೇಳುವುದನ್ನೇ ಬಿಟ್ಟವು. ಎದ್ದು ನಿಂತರೆ ನೆಲ ಓಲಾಡಿದಂತೆ. ಗೋಡೆ ಇದ್ದಷ್ಟು ದೂರ ನಾನು ಹೋಗುತ್ತಿದ್ದೆ, ಗೋಡೆ ಮುಗಿದರೆ ನಾನೂ ಮುಗಿದೆ.

ನನ್ನ ತಂಗಿ ಬಿ.ಜಿ. ಕೆರೆಯಲ್ಲಿ ಇದ್ದಳು. ಅವಳಿಗೆ ಕಣ್ಣು ಮಂಜಾಗಿ ಅವಳು ಇಲ್ಲಿಗೆ ಬರುವಂತಿರಲಿಲ್ಲ. ಬೀಳುವ ಮುಂಚೆ ಹದಿನೈದು ದಿನಕ್ಕೊಮ್ಮೆ ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಬಿದ್ದ ಮೇಲೆ ಮಗ ಕಟ್ಟಪ್ಪಣೆ ಮಾಡಿದ.

"ಅವ್ವ, ನೀನು ಒಬ್ಬಳೇ ಹೊಸ್ತಿಲು ದಾಟಂಗಿಲ್ಲ. ನಾನೇ ಕರ್ಕೊಂಡು ಹೋಗ್ತೀನಿ."

ಬಿತ್ತನೆ ಮುಗಿಯಲಿ ಎಂದ. ಕಳೆ ಮುಗಿಯಲಿ ಎಂದ. ಶೇಂಗಾ ಕೀಳಲಿ ಎಂದ. ಏಳು ತಿಂಗಳು ಹೋಯಿತು. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಇನ್ನೊಬ್ಬಳಿಗೆ ಮುಖ ನೋಡಲು ಸಿಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಒಂದು ದಿನ ನಾನು ಗೋಡೆ ಹಿಡಿದು ಬರುವುದನ್ನು ಸಾಬರು ನೋಡಿದರು.

"ಏನವ್ವಾ, ಗೋಡೆ ಬೀಳ್ತೈತೆ ಅಂತ ಹಿಡ್ಕಂಡೀರಾ?"

"ನಿಮ್ಮ ಟ್ಯೂಬ್ ನೋಡ್ಕಳ್ರಿ ಸಾಬ್ರೇ. ನನ್ನ ಗಾಳಿ ನಾನು ನೋಡ್ಕಂತೀನಿ."

ಅವರು ನಕ್ಕು, ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದರು. ಅಲ್ಲಿ ಅವರ ತಾಯಿ ಬೂಬಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಆಯಮ್ಮನೂ ನನ್ನ ಹಾಗೇ ಬಿದ್ದವರು. ಚಳ್ಳಕೆರೆಯ ಒಬ್ಬ ಡಾಕ್ಟರು, ಮಾತ್ರೆ ತಿಂದದ್ದು ಸಾಕು, ಇನ್ನು ದಿನಾ ಚೆಂಡು ಎಸೆದು ಹಿಡಿಸಿ ಎಂದಿದ್ದರಂತೆ. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ಹೆಜ್ಜೆ ಹಾಕುತ್ತಾ. ಸಾಬರು ಅದನ್ನು ಕುರಾನಿನಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ನೋಡಿ ದಿನವೂ ನಾಲ್ಕು ಗಂಟೆಗೆ ಆಟ.

ಅಂಗಡಿಯ ರಬ್ಬರ್ ಚೆಂಡು ಪುಟಿದು ಓಡಿಹೋಗುತ್ತಿತ್ತು, ಮುದಿ ಕೈಗೆ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಂಬಳಿಗೆ ನೂತು ಉಳಿದ ತುಂಡು ಉಣ್ಣೆ ಮೂಟೆಗಟ್ಟಲೆ ಇತ್ತು. ಅದನ್ನು ಉಂಡೆ ಕಟ್ಟಿ, ಮೇಲೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿ, ತೆಂಗಿನಕಾಯಿಯಷ್ಟು ದಪ್ಪದ ಚೆಂಡು ಮಾಡಿದರು. ಹಿಡಿಯಲು ಮೆತ್ತಗೆ, ಪುಟಿಯುವುದಿಲ್ಲ, ವಾಸನೆ ಮಾತ್ರ ಕುರಿ ಮತ್ತು ಲಾರಿ ಎರಡರದ್ದೂ.

ಹೂ ಮಾರುವ ಮುದುಕಿಯೊಬ್ಬಳು ಸೇರಿ ಮೂವರಾದೆವು. ಮೊದಲ ದಿನ ಸಾಬರು ಚೆಂಡು ಎಸೆದರೆ ನಾನೂ ಹೂವಿನವಳೂ ಸೆರಗು ಒಡ್ಡಿದೆವು. ಹುಟ್ಟಿದಾಗಿನಿಂದ ಕಾಳಾಗಲಿ, ಕಾಯಾಗಲಿ, ಯಾರು ಏನು ಕೊಟ್ಟರೂ ಸೆರಗಿನಲ್ಲೇ ಇಸಿದುಕೊಂಡವರು ನಾವು.

"ಅರೇ! ಚೆಂಡೇನು ಕಾಳುಕಡ್ಡಿಯಾ? ಕೈ ಚಾಚ್ರಿ ಅವ್ವಾ, ಕೈ!"

ಕೈ ಚಾಚಬೇಕೆಂದು ಹೇಳಿದರೂ ಚೆಂಡು ಬರುವಾಗ ಕೈ ತಾನಾಗಿ ಸೆರಗಿಗೇ ಹೋಗುತ್ತಿತ್ತು. ಕೊನೆಗೆ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳಲು ಹೇಳಿದರು. ನಾವು ಸಿಗಿಸಿಕೊಳ್ಳುವವರೆಗೆ ಅವರು ಗೋಡೆಯ ಕಡೆ ತಿರುಗಿ ನಿಂತಿರುತ್ತಿದ್ದರು. ದಿನವೂ ಹಾಗೇ. ಒಂದು ದಿನವೂ ತಪ್ಪಲಿಲ್ಲ.

ಎರಡನೆಯ ವಾರ ನಿಂತು ಎಸೆಯುವ ಪಾಳಿ. "ಜೋರಾಗಿ ಎಸೀರಿ, ನನಗೇನಾಗಲ್ಲ" ಎಂದರು. ಅವರಿಗೇನು ಗೊತ್ತು, ನಾನು ಹುಡುಗಿಯಾಗಿದ್ದಾಗ ಸಜ್ಜೆ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಳಿ ಓಡಿಸಿದವಳು. ಒಂದು ಕಾಲು ಮುಂದಿಟ್ಟು, ತೋಳು ಹಿಂದಕ್ಕೆ ತಂದು ಬಿಟ್ಟೆ. ಚೆಂಡು ನೇರ ಮೂಗಿಗೆ. ಸಾಬರು ಟೈರುಗಳ ಮೇಲೆ ಕೂತೇಬಿಟ್ಟರು, ಮೂಗಿನಿಂದ ರಕ್ತ.

ನಾನು ಹೆದರಿ ಅವರ ಹತ್ತಿರ ಓಡಿದೆ. ಬೂಬಮ್ಮ ಸ್ಟೂಲಿನ ಮೇಲೆ ಕುಲುಕಾಡಿ ನಗುತ್ತಾ ಚಪ್ಪಾಳೆ ಹೊಡೆದರು. "ಔರ್ ಮಾರ್! ಚಿಕ್ಕೋನಿದ್ದಾಗ ನಾನು ಹೊಡೀಲಿಲ್ಲ, ನೀನಾದ್ರೂ ಹೊಡಿ!"

ಸಾಬರು ಮೂಗು ಹಿಡಿದುಕೊಂಡೇ ನನ್ನ ಕಾಲು ತೋರಿಸಿದರು.

"ಅವ್ವಾ, ಈಗ ನೀವು ಹೆಂಗೆ ಬಂದ್ರಿ ಇಲ್ಲಿಗೆ?"

ಅಂಗಳದ ನಡುವೆ ನಿಂತಿದ್ದೆ. ಸುತ್ತ ಎಲ್ಲೂ ಗೋಡೆ ಇರಲಿಲ್ಲ.

"ಕಣ್ಣು ಚೆಂಡಿನ ಮೇಲಿದ್ರೆ ಕಾಲು ತನ್ನಷ್ಟಕ್ಕೆ ನೆಲ ಹಿಡೀತೈತೆ" ಎಂದರು. ಅದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಇನ್ನೊಂದು ಮಾತು ಟೈರಿನದು: "ನಿಲ್ಲಿಸಿಟ್ಟ ಸೈಕಲ್ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆ ಆಗ್ತೈತೆ. ಓಡಿಸಿದ್ರೆ ದುಂಡಗಿರ್ತೈತೆ. ನೀವು ಯಾವ ಕಡೆ ಚಪ್ಪಟೆ ಆಗಿದೀರಿ ನೋಡ್ಕಳ್ರಿ."

ಊರವರು ಆಡಿಕೊಂಡರು. ಬಸ್ಸು ಕಾಯುವವರು ಅಂಗಳಕ್ಕೆ ಇಣುಕಿ, "ಮುದುಕೀರ ಟೀಮು ಯಾವೂರ ಮೇಲೆ ಮ್ಯಾಚು?" ಎಂದು ಕೇಳುತ್ತಿದ್ದರು. "ನಿಮ್ಮಪ್ಪನ ಮೇಲೆ" ಎಂದು ಹೇಳಿ ಆಟ ಮುಂದುವರಿಸುತ್ತಿದ್ದೆ.

ತಂಗಿಯ ವಿಷಯ ಸಾಬರಿಗೆ ಹೇಳಿದ್ದೆ. ಒಂದು ದಿನ ಬಸ್ಸು ನಿಂತಾಗ ಅವರು ಗಾಳಿ ಪಂಪು ತೆಗೆದುಕೊಂಡು ಹೋಗಿ, ಬಾಗಿಲ ಪಕ್ಕ ನಿಲ್ಲಿಸಿ ಮೆಟ್ಟಿಲಿನ ಎತ್ತರ ಅಳೆದು ಬಂದರು. ಅಂಗಳದಲ್ಲಿ ಅಷ್ಟೇ ಎತ್ತರಕ್ಕೆ ಸೈಜುಗಲ್ಲು ಜೋಡಿಸಿದರು. ಚೆಂಡು ಹಿಡಿದು ಹತ್ತಬೇಕು, ಹತ್ತಿ ಎಸೆಯಬೇಕು, ಇಳಿದು ಹಿಡಿಯಬೇಕು. ಮಂಡಿ ಬೈದುಕೊಂಡಿತು, ನಾನು ಸಾಬರನ್ನು ಬೈದೆ. ಅವರು ಚೆಂಡು ಎಸೆಯುವುದನ್ನು ನಿಲ್ಲಿಸಲಿಲ್ಲ. ಒಂದೂವರೆ ತಿಂಗಳು ಹೀಗೆ.

ಮಗ ಕುರಿ ಹೊಡೆದುಕೊಂಡು ಹೋದ ಒಂದು ಬೆಳಿಗ್ಗೆ ನಾನು ಚೀಲದಲ್ಲಿ ಎರಡು ರೊಟ್ಟಿ ಇಟ್ಟುಕೊಂಡು ಬಸ್ಸಿನ ಹತ್ತಿರ ಹೋದೆ. ಸೊಸೆ ಹಿಂದೆ ಓಡಿಬಂದಳು. ಬಸ್ಸು ಬಂದು ನಿಂತಿತು. ಬಾಗಿಲ ಮುಂದೆ ಹೋಗಿ ಮೆಟ್ಟಿಲು ನೋಡಿದ್ದೇ ತಡ, ಕಾಲು ಕಲ್ಲಾಯಿತು.

"ಹತ್ತಮ್ಮೋ, ಟೈಮಾತು!" ಎಂದ ಕಂಡಕ್ಟರು. ಸೊಸೆ ನನ್ನ ತೋಳು ಹಿಡಿಯಲು ಬಂದಳು.

"ಹಿಡೀಬ್ಯಾಡ್ರಮ್ಮಾ!" ಸಾಬರು ಅಂಗಡಿಯಿಂದಲೇ ಕೂಗಿದರು. "ಅವ್ವಾ, ಕೆಳಗೆ ನೋಡ್ಬ್ಯಾಡ್ರಿ! ಕಂಡಕ್ಟರ್ ತಲೆ ನೋಡ್ರಿ, ಅದೇ ಚೆಂಡು ಅನ್ಕಳ್ರಿ!"

ಕಂಡಕ್ಟರಿನ ತಲೆ ಬೋಳು, ದುಂಡಗೆ ಹೊಳೆಯುತ್ತಿತ್ತು. ಬಸ್ಸಿನವರೆಲ್ಲ ಹೋ ಎಂದು ನಕ್ಕರು. ನಾನೂ ಆ ತಲೆಯನ್ನೇ ನೋಡುತ್ತಾ ಹತ್ತಿದೆ. ಎಷ್ಟು ಹೊತ್ತಿಗೆ ಹತ್ತಿದೆನೋ ತಿಳಿಯಲಿಲ್ಲ. "ನನ್ ತಲೆ ಹಿಡ್ಕಂಬಿಟ್ಟೀಯ ಮತ್ತೆ" ಎಂದು ಕಂಡಕ್ಟರು ಹಿಂದಕ್ಕೆ ಸರಿದ.

ತಂಗಿ ನನ್ನ ದನಿ ಕೇಳಿ ಮೊದಲು ಬೈದಳು, ಆಮೇಲೆ ಮುಖವನ್ನೆಲ್ಲ ಕೈಯಿಂದ ಸವರಿ ನೋಡಿದಳು. ರೊಟ್ಟಿ ತಿಂದೆವು. ಸತ್ತವರು, ಇದ್ದವರು ಎಲ್ಲರನ್ನೂ ಆಡಿಕೊಂಡೆವು. ಆಮೇಲೆ ಅವಳು ತೀರಿಕೊಳ್ಳುವವರೆಗೂ, ನಾಲ್ಕು ವರ್ಷ, ಹದಿನೈದು ದಿನಕ್ಕೊಮ್ಮೆ ಹೋದೆ. ಮಗ ಎರಡು ದಿನ ಮುಖ ಊದಿಸಿಕೊಂಡ, ಆಮೇಲೆ ಬಿಟ್ಟ.

ಬೂಬಮ್ಮ ಹೋದ ಮೇಲೆ ಸಾಬರು ಅಂಗಡಿ ಮುಚ್ಚಿ ಚಳ್ಳಕೆರೆಯ ಮಗಳ ಮನೆ ಸೇರಿದರು. ಒಂದು ದಿನ ಬೆಳಿಗ್ಗೆ ಅವರು ತೀರಿಹೋದರೆಂದು ಸುದ್ದಿ ಬಂತು. ಸಂಜೆ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ ಮಗ. ಅವರಲ್ಲಿ ಮಣ್ಣು ಮಾಡಲು ಸಂಜೆಯವರೆಗೆ ಕಾಯುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಬಸ್ಸು ತುಂಬಿತ್ತು. ಒಬ್ಬಳು ಎದ್ದು, "ಕೂತ್ಕೋ ಬಾ ಅಜ್ಜಿ" ಎಂದಳು. ಬೇಡ ಎಂದೆ. ರಸ್ತೆಯ ತುಂಬ ಗುಂಡಿ, ಡ್ರೈವರಿಗೆ ಬ್ರೇಕು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ತಳಕಿನಿಂದ ಚಳ್ಳಕೆರೆಯವರೆಗೆ ನಿಂತೇ ಹೋದೆ.