ಔಡಲೆಣ್ಣೆ ಸವರಿದ ಕಾಫಿ ಬೀಜ

ಚಹಾ ಬಿಟ್ಟರೆ ಬೇರೆ ಲೋಕವಿಲ್ಲದ ಜಹೀರಾಬಾದಿನಲ್ಲಿ ಕಾಫಿ ಹುಚ್ಚು ಹಿಡಿದವಳು ನಾನೊಬ್ಬಳೇ ಇರಬೇಕು. ಒಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಅರಕು ಕಣಿವೆಗೆ ಪ್ರವಾಸ ಕರೆದೊಯ್ದಾಗ ಹಸಿ ಬೀಜ ಕೊಂಡು ತಂದೆ. ಅಂದಿನಿಂದ ಅಲ್ಲಿಂದಲೇ ತರಿಸಿಕೊಂಡು ಮನೆಯಲ್ಲೇ ಹುರಿಯುತ್ತೇನೆ. ಯಂತ್ರವೆಂದರೆ ಹಳೆಯ ಐದು ಲೀಟರಿನ ಕುಕ್ಕರು. ಸೀಟಿ ಕೂರುವ ತೂತನ್ನು ದೊಡ್ಡದು ಮಾಡಿಸಿ, ಅದರೊಳಗೆ ಸ್ಟೀಲಿನ ಸರಳು ಇಳಿಸಿ, ಕೆಳಗೆ ಬೀಜ ಕೆದಕಲು ರೆಕ್ಕೆ, ಮೇಲೆ ತಿರುಗಿಸಲು ಹಿಡಿಕೆ ಹಾಕಿಸಿದ್ದೇನೆ. ಮಾಡಿಕೊಟ್ಟ ಕುಕ್ಕರ್ ರಿಪೇರಿಯವರು, "ಇದ್ರಾಗ ಇನ್ನ ಅನ್ನ ಆಗಂಗಿಲ್ರಿ ಮೇಡಂ, ಆಮ್ಯಾಲ ನನ್ನ ಬೈಬ್ಯಾಡ್ರಿ," ಎಂದಿದ್ದರು.

ನನ್ನ ಮಟ್ಟಿಗೆ ಹುರಿಯುವುದೆಲ್ಲ ಮೂಗಿನ ಕೆಲಸ. ಹಸಿ ಹುಲ್ಲಿನ ವಾಸನೆ ಹೋಗಿ, ರೊಟ್ಟಿ ಸುಟ್ಟ ವಾಸನೆ ಬಂದು, ಕೊನೆಗೆ ಬೆಲ್ಲದ ಪಾಕದ ಘಮ ಎದ್ದರೆ ಇಳಿಸಬೇಕು. ಕೊರೊನಾ ಬಂದು ಹೋಗುವಾಗ ಆ ಮೂಗನ್ನು ಕಟ್ಟಿಕೊಂಡು ಹೋಯಿತು. ಮನೆಯ ಉಳಿದವರಿಗೆ ತಿಂಗಳೊಳಗೆ ಮರಳಿದ ವಾಸನೆ ನನಗೆ ವರ್ಷವಾದರೂ ಬರಲಿಲ್ಲ. ಹಾಲು ತಳ ಹತ್ತಿದರೂ ತಿಳಿಯುತ್ತಿರಲಿಲ್ಲ. ಮೂರು ಸಲ ಬೀಜ ಇದ್ದಿಲಾಯಿತು. ಮೂರನೆಯ ಸಲ ಕುಕ್ಕರನ್ನು ಅಂಗಳಕ್ಕೆ ಎಸೆದು ಅಳುತ್ತಾ ಕೂತೆ.

ಅದನ್ನು ಎತ್ತಿ ತಂದವರು ನನ್ನ ಅತ್ತೆ. ತಾಂಡೂರಿನ ಕಡೆ ತೊಗರಿ ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಕಾಫಿಯನ್ನು ಬಾಯಿಗೆ ಮುಟ್ಟಿಸಿದವರಲ್ಲ.

"ಪಂಚಮಿ ಅಳ್ಳು ಹುರಿಯಾಗ ಯಾರರ ಮೂಸಿ ನೋಡ್ತಾರೇನ? ಕಿವಿ ಕೊಡಬೇಕು," ಎಂದು ಹಿಡಿಕೆ ಹಿಡಿದರು. ವರ್ಷ ವರ್ಷ ನಾಗರಪಂಚಮಿಗೆ ಜೋಳ ಅರಳುವ ಸದ್ದು ಕೇಳಿದ ಕಿವಿ ಅದು. ಬೀಜ ಚಟಚಟನೆ ಸಿಡಿಯತೊಡಗಿತು. ಸದ್ದು ಕಡಿಮೆಯಾಗುತ್ತಿದ್ದಂತೆ, "ಆತು, ಇಳಸು," ಎಂದರು. ಬಣ್ಣ ನೋಡಿದರೆ ಹದ ಸರಿಯಾಗಿತ್ತು. ಮೊರದಲ್ಲಿ ಕೇರಿ ಹೊಟ್ಟು ಹಾರಿಸಿದವರೂ ಅವರೇ.

ಆಮೇಲೆ ಪ್ರತಿ ಭಾನುವಾರ ಹುರಿದೆವು. ಕುಡಿದರೆ ನನಗದು ಬರೀ ಕಹಿ ಬಿಸಿನೀರು. ಸಾಕು ಎಂದರೆ ಅತ್ತೆ ಕೇಳುತ್ತಿರಲಿಲ್ಲ. "ಮೂಗು ಬರೋತನ ಕೈ ಬಿಡಬ್ಯಾಡ," ಎನ್ನುತ್ತಿದ್ದರು. ತಾವು ಕುಡಿಯದ ಕಾಫಿಗಾಗಿ ಅವರು ಬಿಸಿಲಲ್ಲೂ ಒಲೆಯ ಮುಂದೆ ನಿಂತದ್ದನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ತುಂಬಿ ಬರುತ್ತದೆ.

ಒಮ್ಮೆ ಎರಡು ದಿನದ ತರಬೇತಿಗೆಂದು ನಾರಾಯಣಖೇಡಕ್ಕೆ ಹೋಗಿ ಬಂದೆ. ಹಸಿ ಬೀಜದ ಡಬ್ಬಿ ತೆರೆದರೆ ಕಾಳೆಲ್ಲ ಮಿರಮಿರ ಮಿಂಚುತ್ತಿತ್ತು, ಕೈಗೆ ಜಿಡ್ಡು ಅಂಟಿತು. ತೊಗರಿಗೆ ಹುಳ ಬೀಳಬಾರದೆಂದು ಸವರಿಡುವ ಹಾಗೆ ಅತ್ತೆ ಕಾಫಿ ಬೀಜಕ್ಕೂ ಔಡಲೆಣ್ಣೆ ಸವರಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಾಸನೆ ಹೋಗಿತ್ತೇ ಹೊರತು ಅದು ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಹುಳ ಹತ್ತಿದ್ರ ನೀ ಮತ್ತ ಅಳ್ತಿ ಅಂತ ಹಚ್ಚೀನಿ ಯವ್ವಾ," ಎಂದರು ಅತ್ತೆ, ಮೆಲ್ಲಗೆ.

ನಾಚಿಕೆಯಾಯಿತು. ಅದನ್ನು ತೋರಿಸಲಾರದೆ ಎರಡು ಹಿಡಿ ಬೀಜ ಒರೆಸಿ ಕುಕ್ಕರಿಗೆ ಹಾಕಿದೆ. ಅತ್ತೆ ಬಂದು ಎಂದಿನಂತೆ ಹಿಡಿಕೆ ತಿರುಗಿಸಿದರು. ದಟ್ಟ ಹೊಗೆ ಎದ್ದಿತು. ಅದರಲ್ಲಿ ಏನೋ ಒಂದು ಮೂಗಿನ ಒಳಗೆ, ಬಲು ಮೇಲೆ, ತಾಗಿತು. ಸುಟ್ಟ ಎಣ್ಣೆಯ ಕಮಟು. ಚಿಕ್ಕಂದಿನಲ್ಲಿ ಅವ್ವ ನೆತ್ತಿಗೆ ತಟ್ಟುತ್ತಿದ್ದ ಅದೇ ಔಡಲೆಣ್ಣೆ.

"ಅತ್ತಿ, ವಾಸನಿ ಬರಾಕತ್ತದ."

ಅವರ ಕೈ ನಿಂತಿತು. "ಎಂಥಾದ್ದು?"

"ಭಾಳ ಕೆಟ್ಟದ್ದು."

"ಕೆಟ್ಟದ್ದರ ಬರ್ಲಿ, ಬಂತಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಿಗೆ ಹೊಗೆ ಹೋಯಿತಂತೆ.

ಅದೇ ಬೀಜದ ಕಾಫಿ ಮಾಡಿದೆ. ಅತ್ತೆ ತಾವಾಗಿಯೇ ಲೋಟ ಚಾಚಿ ತಮಗೂ ಒಂದಿಷ್ಟು ಹಾಕಿಸಿಕೊಂಡರು. ಮೊದಲ ಗುಟುಕಿಗೇ ಮುಖ ಕಿವುಚಿದರು. ನಾನು ಲೋಟಕ್ಕೆ ಮೂಗಿಟ್ಟು ಕಣ್ಣುಮುಚ್ಚಿ ಕೂತದ್ದನ್ನು ನೋಡಿ, ಉಳಿದದ್ದನ್ನೂ ಕುಡಿದು ಮುಗಿಸಿದರು.

"ಇದರ ಸಲುವಾಗಿ ಅಷ್ಟು ಅತ್ತಿದ್ದೇನ ನೀ?" ಎಂದು ಕೇಳಿದರು.